ಮಂಜನನ್ನು ಟೀಮಿಗೆ ಸೇರಿಸಿದ ವರ್ಷ

ಮೊನ್ನೆ ನನ್ನ ಮಗ ಲೋಕೇಶ ಮಂಡಿಗೆ ನೋವಿನೆಣ್ಣೆ ತಿಕ್ಕಿಕೊಂಡು ನೇರ ಅಡುಗೆಮನೆಗೆ ಬಂದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಯಲ್ಲಿದ್ದ ಎಲೆಯಡಿಕೆಯನ್ನು ಹಿತ್ತಲಿಗೆ ಹೋಗಿ ಉಗಿದು ಬಂದೆ.

"ಆಚ್ಗೋಗಿ ತಿಕ್ಕೊ ಕಣ್ಲಾ" ಅಂದೆ.

ಯಾಕೆ ಅಂತ ಅವನು ಕೇಳಲಿಲ್ಲ. ಅವನಿಗೆ ಗೊತ್ತು. ಅದು ಕಬಡ್ಡಿ ಆಡುವವರ ಮೈಯ ವಾಸನೆ. ಮೂರು ವರ್ಷದ ಹಿಂದೆ ಒಂದು ಸೊಪ್ಪಿನ ಕಾಲ ಪೂರ್ತಿ ನಮ್ಮ ಕಣದಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ, ಅದರ ಪಕ್ಕದ ರೂಮಿನಲ್ಲಿ ಇದೇ ವಾಸನೆ ಇತ್ತು. ಆ ವರ್ಷವನ್ನು ನೆನೆದರೆ ನನಗೆ ಅಳು ಬರುವುದಿಲ್ಲ. ಹೇಸಿಗೆ ಬರುತ್ತದೆ. ಊರಿನ ಮೇಲೆ, ಮನೆಯವರ ಮೇಲೆ, ನನ್ನ ಮೇಲೂ.

ನಮ್ಮೂರು ಪಿರಿಯಾಪಟ್ಟಣದಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿ ಎರಡು ಮೈಲಿ ಒಳಗಿದೆ. ಎಲ್ಲರದೂ ಹೊಗೆಸೊಪ್ಪಿನ ಬೇಸಾಯ. ಮಳೆಗಾಲದ ನಡುವೆ ಸೊಪ್ಪು ಮುರಿದು ತಂದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿಗೆ ತುಂಬಿ, ಸೌದೆ ಉರಿ ಹಾಕಿ ಐದಾರು ದಿನ ಬೇಯಿಸುತ್ತೇವೆ. ಮುರಿದ ಸೊಪ್ಪನ್ನು ಅದೇ ದಿನ ಕಟ್ಟಿ ಏರಿಸದಿದ್ದರೆ ರಾಶಿಯಲ್ಲೇ ಬಿಸಿಯೇರಿ ಕೆಟ್ಟುಹೋಗುತ್ತದೆ. ಅದಕ್ಕೇ ಹೆಂಗಸರು ಮುಯ್ಯಾಳು ಮಾಡಿಕೊಳ್ಳುತ್ತೇವೆ. ಇವತ್ತು ನನ್ನ ಮನೆಯಲ್ಲಿ ನೀವೆಲ್ಲ ಕಟ್ಟಿಕೊಡಿ, ನಾಳೆ ನಿಮ್ಮ ಮನೆಗೆ ನಾನು ಬರುತ್ತೇನೆ.

ಗಂಡಸರಿಗೆ ಸೊಪ್ಪಿನಷ್ಟೇ ದೊಡ್ಡದು ಕಬಡ್ಡಿ. ಲೋಕೇಶ ಊರ ಟೀಮನ್ನು ನಡೆಸುತ್ತಿದ್ದ. ವರ್ಷ ವರ್ಷವೂ ಸೋತು ಬರುತ್ತಿದ್ದರು. ಹಿಂದಿನ ವರ್ಷ ಹೊಸ ಅಗ್ರಹಾರದ ಪಂದ್ಯದಲ್ಲಿ ಎದುರಿನವರು, ಮುಂದಿನ ಸಲ ಸೀರೆ ಉಟ್ಟುಕೊಂಡು ಬನ್ನಿ ಅಂದಿದ್ದರಂತೆ. ಆ ಮಾತು ನಮ್ಮವರ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು. ಸೀರೆ ಅಂದರೆ ಅಷ್ಟು ಅವಮಾನ.

ಆಗ ಮಂಜನ ಹೆಸರು ಬಂತು. ಕೃಷ್ಣರಾಜನಗರದ ಕಡೆಯವನು. ಎದುರಾಳಿಗಳ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವುದರಲ್ಲಿ ನಾಲ್ಕು ತಾಲ್ಲೂಕಿಗೆ ಅವನೊಬ್ಬನೇ ಅನ್ನುತ್ತಿದ್ದರು. ಪಂದ್ಯದ ನಡುವೆ ಅಂಪೈರ್ ಕೆನ್ನೆಗೆ ಬಾರಿಸಿದನೆಂದು ಅವನ ಟೀಮಿನವರು ಎರಡು ವರ್ಷದ ಹಿಂದೆಯೇ ಹೊರಗೆ ಹಾಕಿದ್ದರು. ಅವನನ್ನು ನಮ್ಮ ಟೀಮಿಗೆ ಕರೆಯುವುದೋ ಬೇಡವೋ ಎಂದು ನಮ್ಮ ಕಣದ ಶೀಟಿನ ಕೆಳಗೇ ಪಂಚಾಯ್ತಿ ಸೇರಿತು. ಹೊರಗೆ ಜಿಟಿಜಿಟಿ ಮಳೆ. ಒಂದು ಕಡೆ ಗಂಡಸರು ಕುರ್ಚಿ ಹಾಕಿಕೊಂಡು ಕೂತಿದ್ದರು. ಇನ್ನೊಂದು ಕಡೆ ನಾವು ನೆಲದ ಮೇಲೆ ಸೊಪ್ಪು ಕಟ್ಟುತ್ತಿದ್ದೆವು.

ಮಾತು ನಡೆಸಿದವನು ನನ್ನ ಮೈದುನ ಸ್ವಾಮಿಗೌಡ. ನಮ್ಮ ಯಜಮಾನರು ಸಭೆಯಲ್ಲಿ ಬಾಯಿ ಬಿಡುವವರಲ್ಲ. ಅದಕ್ಕೇ ಮನೆಯ ಮಾತೂ ಊರಿನ ಮಾತೂ ಸ್ವಾಮಿಯದೇ.

"ಅಂಪೈರ್‌ಗೆ ಒಡ್ದೋನು ನಾಳೆ ನಮ್ಗೂ ಒಡೀತಾನೆ" ಅಂದ ಒಬ್ಬ.

"ಆ ಅಂಪೈರ್ ಪಾಯಿಂಟ್ ತಿಂದಿದ್ದ ಕಣಪ್ಪ. ನಾನಿದ್ರೂ ಒಡೀತಿದ್ದೆ."

"ನಿಂಗೆ ಕೈ ಎತ್ತಾಕೇ ಅರ್ಧ ಗಂಟೆ ಬೇಕು, ನೀನೇನ್ ಒಡ್ದೀಯೆ."

ಹೀಗೇ ನಡೆಯಿತು. ಒಂದು ಕೆನ್ನೆಯ ಒಂದು ಏಟಿನ ಮೇಲೆ ಒಂದು ಮಧ್ಯಾಹ್ನ ಪೂರ್ತಿ ಮಾತಾಡಿದರು. ನನ್ನ ಪಕ್ಕ ಕೂತಿದ್ದ ಕೆಂಪಮ್ಮ, ನಮ್ಮ ಎದುರು ಮನೆಯವಳು, ಕಡ್ಡಿ ಕೆಳಗಿಟ್ಟು ಹೇಳಿದಳು:

"ಅವ್ನೆಂಡ್ತಿ ಎರಡ್ ವರ್ಸದಿಂದ ಮಿರ್ಲೆಲಿ ತವರಲ್ಲವ್ಳಂತೆ. ಯಾಕೆ ಅಂತ ಕೇಳ್ರಪ್ಪ ಮದ್ಲು."

"ಅದು ಮನೆ ಇಚಾರ ಕೆಂಪಮ್ಮ, ನೀನು ಸೊಪ್ಪು ಕಟ್ಟು" ಅಂದ ಸ್ವಾಮಿ.

ಆದರೆ ಆ ಮಾತಿನಿಂದಲೇ ಅವನಿಗೆ ದಾರಿ ಹೊಳೆಯಿತು. ಸ್ವಲ್ಪ ಹೊತ್ತು ಬಿಟ್ಟು ತೀರ್ಮಾನ ಕೊಟ್ಟ. "ಒಂಟಿ ಗಂಡ್ಸು ಕಣ್ರಪ್ಪ, ಅದ್ಕೇ ಅಂಗಾಡ್ತಾನೆ. ಎಂಡ್ತಿ ಜೊತೇಲಿದ್ರೆ ಅದ್ದುಬಸ್ತಲ್ಲಿರ್ತಾನೆ. ಅವ್ಳ ಕರ್ಕಂಡ್ ಬಂದು ಸಂಸಾರ ಹೂಡ್ಸಾನ. ಆ ಸರತ್ತಿನ ಮೇಲೆ ಸೇರಿಸ್ಕಳಾನ."

ಎಲ್ಲರಿಗೂ ಒಪ್ಪಿಗೆಯಾಯಿತು. ಬಹಳ ಜವಾಬ್ದಾರಿಯ ಕೆಲಸ ಮಾಡಿದವರಂತೆ ಕಾಫಿ ಕುಡಿದರು. ಅವನ ಕೈಯನ್ನು ಕಟ್ಟಿಹಾಕಲು ಅವರಿಗೆ ಸಿಕ್ಕ ಹಗ್ಗ ಆ ಹುಡುಗಿ. ಆ ಕೈ ಬೀಳುವುದು ಯಾರ ಮೇಲೆ ಎಂದು ಒಬ್ಬನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಆ ವರ್ಷ ನಮ್ಮ ಬ್ಯಾರನ್ ಏರುತ್ತಿದ್ದ ಆಳು ಕೊಡಗಿನ ಕಾಫಿ ತೋಟಕ್ಕೆ ಹೋಗಿಬಿಟ್ಟಿದ್ದ. ಬ್ಯಾರನ್ ಒಳಗೆ ಮೇಲಿನ ಅಟ್ಟಣಿಗೆವರೆಗೆ ಕಾಲು ಅಗಲಿಸಿ ನಿಂತು ಕಡ್ಡಿ ಎಳೆದುಕೊಳ್ಳಲು ಉದ್ದ ಕೈಯವನು ಬೇಕು. ಮಂಜನ ಕೈ ಉದ್ದ ಅಂತ ಕೇಳಿದ್ದೆ. ಬ್ಯಾರನ್ ಪಕ್ಕದ ರೂಮು ಖಾಲಿ ಇದೆ, ಅಲ್ಲೇ ಇರಲಿ ಎಂದೆ.

ಮುನಿಸಿಕೊಂಡು ತವರಿಗೆ ಹೋದ ಹೆಣ್ಣನ್ನು ವಾಪಸ್ ಕರೆತರಲು ಬರಿಯ ಗಂಡಸರು ಹೋದರೆ ನಮ್ಮ ಕಡೆ ಕಳಿಸುವುದಿಲ್ಲ. ಗಂಡಿನ ಕಡೆಯ ಹಿರಿಯ ಮುತ್ತೈದೆ ಒಬ್ಬಳು ಹೋಗಬೇಕು. ಸೆರಗಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆಯಡಿಕೆ ಹಾಕಿ ಮಡಿಲು ತುಂಬಬೇಕು. ಮಡಿಲು ತುಂಬಿದವಳು ಆ ಹೆಣ್ಣಿಗೆ ಹೊಣೆ. ಮಂಜನಿಗೆ ತಾಯಿ ಇರಲಿಲ್ಲ. ಅದಕ್ಕೇ ಸ್ವಾಮಿ ನನ್ನನ್ನು ಹೊರಡಿಸಿದ. ಲೋಕೇಶನ ವ್ಯಾನಿನಲ್ಲಿ ಅವನು, ಸ್ವಾಮಿ, ನಾನು ಮೂವರೂ ಮಿರ್ಲೆಗೆ ಹೋದೆವು. ಅಲ್ಲಿ ನಾಲೆಯಲ್ಲಿ ನೀರು ಬಿಟ್ಟಿದ್ದರು, ಗದ್ದೆಗಳಲ್ಲಿ ನಾಟಿ ನಡೆದಿತ್ತು. ಹುಡುಗಿಯ ಅಪ್ಪ ಚಾಪೆ ಹಾಕಿ ಕೂರಿಸಿದ. ಅಳಿಯನಿಗೆ ಟೀಮು ಸಿಕ್ಕಿತು, ಮನೆ ಕೊಡುತ್ತಾರೆ ಎಂದು ಅವನಿಗೆ ಸಂತೋಷ. ಅವಳ ಅವ್ವ ಕಾಫಿ ತಂದಿಟ್ಟು ಒಳಗೆ ಹೋದಳು. ಹುಡುಗಿ ಒಳಗಿನಿಂದ ಬರಲಿಲ್ಲ.

ನಾನೇ ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಸವಿತಾ ಅಂತ ಹೆಸರು. ಇಪ್ಪತ್ತೈದು ಇರಬಹುದು. ಎಡಗಡೆ ನಿಂತು ಎರಡು ಸಲ ಕರೆದೆ. ತಿರುಗಲಿಲ್ಲ. ಮುಂದೆ ಹೋದಾಗ ನೋಡಿದಳು.

"ಆ ಕಡೆ ಕಿವಿ ಕೇಳಾಕಿಲ್ಲ ಕಣಜ್ಜಿ. ಈ ಕಡೆ ಬನ್ನಿ."

ಯಾಕೆ ಕೇಳುವುದಿಲ್ಲ ಅಂತ ನಾನು ಕೇಳಲಿಲ್ಲ. ಬಲಗಡೆ ಕೂತೆ.

"ಸೋತಾಗ ಒಡೀತಾನಾ?" ಎಂದೆ.

"ಗೆದ್ದಾಗ್ಲೂ. ಆಟ ಇಲ್ದಿದ್ರೆ ಮಾತ್ರ ಅವ್ರಣ್ಣನ ಮನೇಲಿ ಬಿದ್ದಿರ್ತಾನೆ, ನನ್ನ ಕೇಳೋರಿರಾಕಿಲ್ಲ. ಎರಡು ವರ್ಸ ಸುಖವಾಗಿದ್ದೆ. ಈಗ ನೀವು ಅವ್ನ ಟೀಮ್ಗೆ ಸೇರಿಸ್ಕಂಡ್ರೆ ನಮ್ಮಪ್ಪ ನನ್ನ ಇಲ್ಲಿಟ್ಕಳಾಕಿಲ್ಲ." ನನ್ನ ಕಡೆ ತಿರುಗಿ ಹೇಳಿದಳು, "ನೀವು ಮಡ್ಲು ತುಂಬಾಕಿಲ್ಲ ಅಂದ್ಬುಡಿ ಅಜ್ಜಿ. ಅಷ್ಟು ಸಾಕು. ನಿಮ್ಮೋರು ವಾಪಸ್ ಓಯ್ತಾರೆ."

ಅವಳು ಹೇಳಿದ್ದು ನಿಜ. ನಾನೊಬ್ಬಳು ಒಲ್ಲೆ ಅಂದಿದ್ದರೆ ಅವತ್ತೇ ಮುಗಿಯುತ್ತಿತ್ತು. ಅವಳು ಮಾತಾಡುತ್ತಿರುವಾಗ ನಾನು ಅವಳ ಬೆರಳು ನೋಡುತ್ತಿದ್ದೆ. ಉದ್ದ ಬೆರಳು, ಚುರುಕಾಗಿ ಸೆರಗಿನ ಅಂಚನ್ನು ಸುತ್ತುತ್ತಿದ್ದವು. ಸೊಪ್ಪು ಕಟ್ಟಲು ಒಳ್ಳೆಯ ಕೈ ಅನ್ನಿಸಿತು. ಥೂ.

"ನಾನಿವ್ನಿ ಕಣವ್ವ. ನಮ್ ಗ್ವಾಡೆ ಪಕ್ದಲ್ಲೇ ಇರ್ತೀಯ. ಅದೆಂಗೆ ಕೈ ಮಾಡ್ತಾನೆ ನೋಡ್ತೀನಿ" ಅಂದೆ.

ಅವಳು ಎದ್ದು ಬಂದು ಸೆರಗು ಒಡ್ಡಿದಳು. ತುಂಬಿದೆ.

ಮಂಜ ಬಂದ. ಸುಳ್ಳು ಹೇಳುವುದಿಲ್ಲ, ಅಂಥ ಆಳನ್ನು ನಾನು ಕಂಡಿರಲಿಲ್ಲ. ಬ್ಯಾರನ್ ಒಳಗೆ ಕಡ್ಡಿ ನೇತುಹಾಕುವ ಎರಡು ಗಳುವಿನ ಮೇಲೆ ಕಾಲು ಚಾಚಿ ನಿಂತರೆ ಕೆಳಗಿನಿಂದ ಕಡ್ಡಿ ಕೊಡುವವರಿಗೇ ದಣಿವಾಗುತ್ತಿತ್ತು, ಅವನಿಗಿಲ್ಲ. ಸಾಯಂಕಾಲ ಕಣದಲ್ಲಿ ಆಡುವಾಗ ಐದು ಜನ ಹಿಡಿದುಕೊಂಡರೂ ನೆಲಕ್ಕೆ ಮೈ ಚಾಚಿ ಬೆರಳ ತುದಿಯಿಂದ ಗೆರೆ ಮುಟ್ಟಿಬಿಡುತ್ತಿದ್ದ. ಮೊದಲ ಪಂದ್ಯ ಗೆದ್ದು ಬಂದ ದಿನ ಊರು ಅವನ ಕಾಲಿಗೆ ಬಿತ್ತು. ಒಬ್ಬರ ಮನೆಯಿಂದ ಮೊಟ್ಟೆ, ಒಬ್ಬರ ಮನೆಯಿಂದ ಕೋಳಿ, ಸ್ವಾಮಿಯ ಮನೆಯಿಂದ ದಿನಾ ಒಂದು ಚೊಂಬು ಹಾಲು. ನನ್ನನ್ನು ಕಂಡರೆ 'ಅಜ್ಜಿ ಊಟ ಆಯ್ತಾ' ಎಂದು ನಗುತ್ತಿದ್ದ. ಹಲ್ಲು ಚೆನ್ನಾಗಿದ್ದವು.

ಹದಿನೈದು ದಿನ ಆಗಿತ್ತೋ ಇಲ್ಲವೋ. ಮಧ್ಯಾಹ್ನ ನಾನು ಬ್ಯಾರನ್ ಉರಿ ನೋಡುತ್ತಿದ್ದೆ. ಗೋಡೆಯ ಆಚೆ ರೂಮಿನಲ್ಲಿ ಏಟು ಬಿದ್ದ ಸದ್ದು ಕೇಳಿತು. ಬಾಯಿ ಮಾಡುವ ಸದ್ದಲ್ಲ, ಏಟಿನದು ಮಾತ್ರ. ಅವಳು ಕೂಗಲಿಲ್ಲ. ಒಲೆಗೆ ಇನ್ನೊಂದು ಸೌದೆ ಇಟ್ಟೆ. ಎದ್ದು ಹೋಗಿ ಬಾಗಿಲು ಬಡಿಯಬಹುದಿತ್ತು. ಹತ್ತು ಹೆಜ್ಜೆ. ಉರಿ ಕಡಿಮೆಯಾದರೆ ಸೊಪ್ಪಿಗೆ ಬಣ್ಣ ಬರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮಾರನೇ ದಿನ ಸವಿತಾ ಬಾತುಕೊಂಡ ತುಟಿಯಲ್ಲೇ ಸೊಪ್ಪು ಕಟ್ಟಲು ಬಂದಳು. ಬಚ್ಚಲಲ್ಲಿ ಜಾರಿದೆ ಎಂದಳು. ಕೂತಿದ್ದ ಹತ್ತು ಹೆಂಗಸರೂ ಕೈಯಲ್ಲಿದ್ದ ಎಲೆ ನೋಡುತ್ತ ಕೂತರು. ಅವಳು ನೀರು ಕುಡಿಯಲು ಎದ್ದಾಗ ಕೆಂಪಮ್ಮ ನನ್ನ ಮೊಣಕೈ ತಿವಿದಳು.

"ಮಡ್ಲು ತುಂಬ್ದೋಳು ನೀನು. ಓಗಿ ಕೇಳಕ್ಕ."

ಲೋಕೇಶನನ್ನು ಕೇಳಿದೆ. "ಈಗ ಅವ್ನ ತಲೆ ಕೆಡಿಸ್ಬೇಡ ಕಣವ್ವ. ಬಾನ್ವಾರ ಮ್ಯಾಚ್ ಅದೆ. ಮುಗೀಲಿ, ನಾನೇ ಯೋಳ್ತೀನಿ" ಅಂದ. ಭಾನುವಾರ ಗೆದ್ದರು. ಆಮೇಲೆ ಹೆಗ್ಗಡದೇವನಕೋಟೆಯ ಪಂದ್ಯ ಬಂತು. ಅದು ಮುಗಿಯಲಿ ಅಂದ. ಅದನ್ನೂ ಗೆದ್ದರು. ಆಮೇಲೆ ಸೆಮಿಫೈನಲ್ಲು. ನನ್ನ ಮಗನನ್ನು ಬೈಯುವುದು ಸುಲಭ. ನಾನು ಮಾಡಿದ್ದೇನು? ಈ ಬ್ಯಾರನ್ ಇಳಿಯಲಿ ಆಮೇಲೆ ಮಂಜನನ್ನು ಕರೆದು ಬೈಯುತ್ತೇನೆ ಎಂದುಕೊಂಡೆ. ಅದು ಇಳಿಯುವಷ್ಟರಲ್ಲಿ ಮುಂದಿನ ಸೊಪ್ಪು ಹೊಲದಲ್ಲಿ ಹಣ್ಣಾಗಿರುತ್ತಿತ್ತು. ಅದನ್ನು ಏರಿಸಲು ಅವನೇ ಬೇಕು. ಒಂದು ಕಾಲ ಪೂರ್ತಿ ಅವರು ಪಂದ್ಯ ಎಣಿಸಿದರು, ನಾನು ಬ್ಯಾರನ್ ಎಣಿಸಿದೆ. ಸವಿತಾ ನನ್ನ ಹತ್ತಿರ ಒಂದು ಸಲವೂ ದೂರು ಹೇಳಲಿಲ್ಲ. ಹಿತ್ತಲಲ್ಲಿ ಹೇಳಬೇಕಾದ್ದನ್ನು ಹೇಳಿ ಮುಗಿಸಿದ್ದಳಲ್ಲ.

ಫೈನಲ್ ಭಾನುವಾರ ಹುಣಸೂರಿನಲ್ಲಿತ್ತು. ಅದಕ್ಕೆ ಮೂರು ದಿನ ಮೊದಲು, ಗುರುವಾರ ಬೆಳಿಗ್ಗೆ, ಮಂಜ ಮಂಡಿಗೆ ಹಾಕಿಕೊಳ್ಳುವ ಪಟ್ಟಿ ಒಣಗಿರಲಿಲ್ಲವೆಂದು ಅವಳ ಕೈ ಹಿಡಿದು ತಿರುಚಿದ. ಮಳೆ ಹಿಡಿದು ನಾಲ್ಕು ದಿನವಾಗಿತ್ತು, ಊರಲ್ಲಿ ಯಾರ ಬಟ್ಟೆಯೂ ಒಣಗಿರಲಿಲ್ಲ. ಮಣಿಕಟ್ಟಿನ ಮೂಳೆ ಮುರಿಯಿತು. ಈ ಸಲ ಕೂಗಿದಳು.

ಪಿರಿಯಾಪಟ್ಟಣದ ಆಸ್ಪತ್ರೆಗೆ ಸ್ವಾಮಿ ವ್ಯಾನಿನಲ್ಲಿ ಕರೆದುಕೊಂಡು ಹೋದ, ನಾನೂ ಜೊತೆಗೆ ಹೋದೆ. ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ಕೈ ಮುಟ್ಟಿ ನೋಡಿ, ಹೇಗಾಯಿತು ಎಂದು ಕೇಳಿದರು.

"ಬ್ಯಾರನ್ ಏಣಿಯಿಂದ ಬಿದ್ಬುಟ್ಲು ಮೇಡಮ್ಮೋರೆ" ಅಂದ ಸ್ವಾಮಿ. ದಾರಿಯಲ್ಲೇ ಯೋಚಿಸಿ ಇಟ್ಟುಕೊಂಡಿದ್ದ.

ಡಾಕ್ಟರು ಅವನನ್ನು ನೋಡಲಿಲ್ಲ. "ಹೌದೇನಮ್ಮ?" ಎಂದು ಸವಿತಾಳನ್ನು ಕೇಳಿದರು. ಅವಳು ಮುರಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಆಗ ನನ್ನನ್ನು ಕೇಳಿದರು. "ಅಜ್ಜಿ, ನೀವು ನೋಡಿದ್ರಾ, ಬಿದ್ದಿದ್ದು?"

ಸವಿತಾ ಕತ್ತು ತಿರುಗಿಸಿ ಕೇಳುವ ಕಿವಿಯನ್ನು ನನ್ನ ಕಡೆ ಮಾಡಿದಳು.

"ಹ್ಞೂಂ" ಅಂದೆ.

ಡಾಕ್ಟರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಬರೆದುಕೊಂಡರು. ಕೈಗೆ ಸಿಮೆಂಟ್ ಪಟ್ಟಿ ಹಾಕಿ ಕಳಿಸಿದರು. ವಾಪಸ್ ಬರುವಾಗ ಸ್ವಾಮಿ ಅಂದ, "ಒಳ್ಳೆ ಕೆಲ್ಸ ಮಾಡ್ದೆ ಅತ್ಗೆ. ಊರ್ ಮಾನ ಉಳೀತು." ವ್ಯಾನು ನಿಲ್ಲಿಸಲು ಹೇಳಿ ರಸ್ತೆ ಪಕ್ಕ ಕಕ್ಕಿದೆ. ಪಿತ್ತ ಇರಬೇಕು, ನಿಂಬೆಹಣ್ಣು ಮೂಸು ಎಂದು ಹೇಳಿದ.

ಭಾನುವಾರ ಊರಿಗೆ ಊರೇ ಟ್ರ್ಯಾಕ್ಟರ್ ಹತ್ತಿ ಹುಣಸೂರಿಗೆ ಹೋಯಿತು. ನಮ್ಮ ಬ್ಯಾರನ್ನಿನಲ್ಲಿ ಕೊನೇ ತುಂಬು ಬೇಯುತ್ತಿತ್ತು. ಅವತ್ತು ಸಂಜೆ ಉರಿ ತೆಗೆದು ಇಳಿಸಬೇಕು. ನಾನು ಉರಿಯನ್ನೂ ನೋಡಲಿಲ್ಲ. ರೂಮಿನ ಬಾಗಿಲಿಗೆ ಹೋಗಿ, "ಏಳು, ನಿಮ್ಮೂರ್ಗೋಗಾನ" ಎಂದೆ.

"ಅಪ್ಪ ಸೇರಿಸಾಕಿಲ್ಲ" ಅಂದಳು.

"ನಾನು ಮಾತಾಡ್ತೀನಿ."

"ನೀವು ಮಾತಾಡಿದ್ದು ನೋಡಿವ್ನಿ ಬುಡಿ" ಅಂದಳು. ಆದರೂ ಎದ್ದಳು.

ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ಮೈಕಿನಲ್ಲಿ ಮಂಜನ ಹೆಸರು ಕೂಗುವುದು ಕೇಳಿಸುತ್ತಿತ್ತು. ಜನ ಸಿಳ್ಳೆ ಹಾಕುತ್ತಿದ್ದರು. ಅವಳು ಕಡಲೆಕಾಯಿ ಮಾರುವವನನ್ನು ನೋಡುತ್ತ ಕೂತಿದ್ದಳು.

ಮಿರ್ಲೆಯಲ್ಲಿ ಬಾಗಿಲು ತೆಗೆದವಳು ಅವಳ ಅವ್ವ. ಮಗಳ ಕೈ ನೋಡಿದಳು. ಚೀಲ ಇಸಿದುಕೊಂಡು ಅವಳನ್ನು ಒಳಗೆ ಕಳಿಸಿದಳು. ಅಪ್ಪ ಏನೋ ಹೇಳಲು ಎದ್ದುಬಂದ. "ನೀನು ಬಾಯ್ಮುಚ್ಕಂಡು ಕೂತ್ಕೊ" ಎಂದು ಅವನಿಗೆ ಹೇಳಿ ನನ್ನ ಕಡೆ ತಿರುಗಿದಳು. ನಾನು ಮೆಟ್ಟಿಲ ಕೆಳಗೇ ನಿಂತಿದ್ದೆ.

"ನಿಮ್ಮೂರಲ್ಲಿ ಎಂಗಸ್ರಿಲ್ವೇನಕ್ಕ?"

"ಅವ್ರೆ."

"ಏನ್ಮಾಡ್ತಾರೆ?"

"ಸೊಪ್ಪು ಕಟ್ತೀವಿ" ಅಂದೆ.

ಬಾಗಿಲು ಹಾಕಿಕೊಂಡಳು. ನಾನಾಗಿದ್ದರೆ ನೀರು ಎರಚುತ್ತಿದ್ದೆ.

ಬರುವಾಗ ನಮ್ಮೂರ ಗೇಟಿನಲ್ಲಿ ಇಳಿಯಲಿಲ್ಲ. ಪಿರಿಯಾಪಟ್ಟಣಕ್ಕೇ ಹೋಗಿ ಅದೇ ಲೇಡಿ ಡಾಕ್ಟರನ್ನು ಹುಡುಕಿದೆ. ಭಾನುವಾರವಾದರೂ ಇದ್ದರು. ಮೊನ್ನೆ ಹೇಳಿದ್ದು ಸುಳ್ಳು, ಅವಳು ಬಿದ್ದದ್ದಲ್ಲ, ಗಂಡ ಮುರಿದದ್ದು ಎಂದೆ. ಅವರು ಬೈಯಲಿಲ್ಲ. ನರ್ಸಮ್ಮನನ್ನು ಜೊತೆ ಮಾಡಿ ಪೊಲೀಸ್ ಸ್ಟೇಷನ್ನಿಗೆ ಕಳಿಸಿದರು. ಅಲ್ಲಿ ಒಬ್ಬರು ನಾನು ಹೇಳಿದ್ದನ್ನು ಬರೆದುಕೊಂಡರು. ಹೆಬ್ಬೆಟ್ಟು ಒತ್ತಿ ಅಂದರು. ನನಗೆ ಹೆಸರು ಬರೆಯಲು ಬರುತ್ತದೆ ಎಂದು ಹೇಳಿ ಬರೆದೆ.

ಊರಿಗೆ ಬಂದಾಗ ಫೈನಲ್ ಗೆದ್ದ ಕಪ್ ನಮ್ಮ ಕಣಕ್ಕೆ ಬಂದಿತ್ತು. ತಮಟೆ ಬಡಿಯುತ್ತಿದ್ದರು. ಮಂಜನ ಕೊರಳಲ್ಲಿ ಮೂರು ಹಾರ.

"ಅಜ್ಜಿ, ಎಲ್ಲವ್ಳು ಅವ್ಳು? ಆರತಿ ಎತ್ತಾಕೆ ಯಾರೂ ಇಲ್ಲ" ಅಂದ ನಗುತ್ತಾ.

"ತವರ್ಗೆ ಬುಟ್ ಬಂದೆ. ಪೊಲೀಸ್ಗೆ ಬರೆಸ್ಬುಟ್ಟೂ ಬಂದೆ. ರೂಮು ಖಾಲಿ ಮಾಡು."

ತಮಟೆ ನಿಂತಿತು. ಸ್ವಾಮಿ ಎದ್ದು ಬಂದ. "ಯಾರ್ನ ಕೇಳಿ ಓದೆ ಅತ್ಗೆ? ಗೆದ್ದ ದಿನವೇ ಊರ್ ಮೇಲೆ ಮಣ್ಣಾಕ್ದಲ್ಲ."

"ನನ್ ಬಾಯಿ ಕೊಳ್ತೋಗಿತ್ತು ಸ್ವಾಮಿ. ತೊಳ್ಕಂಡ್ ಬಂದೆ, ಅಷ್ಟೇಯ."

ಮಂಜ ನನ್ನ ಮೇಲೆ ನುಗ್ಗಿ ಬಂದ. ಲೋಕೇಶ ಅಡ್ಡ ನಿಂತ. ಅದೊಂದನ್ನು ನನ್ನ ಮಗ ಮಾಡಿದ, ಹೇಳಬೇಕು. ಪೊಲೀಸರು ಬೆಳಿಗ್ಗೆ ಬರುವ ಹೊತ್ತಿಗೆ ಮಂಜ ಇರಲಿಲ್ಲ. ಊರವರೇ ಯಾರೋ ಬೈಕಿನಲ್ಲಿ ದಾಟಿಸಿದ್ದರು. ಹದಿನೈದು ದಿನ ಬಿಟ್ಟು ಸಿಕ್ಕಿದ, ಜಾಮೀನಿನ ಮೇಲೆ ಹೊರಗೂ ಬಂದ. ನನ್ನ ಬ್ಯಾರನ್ನಿನ ಸೊಪ್ಪು ಹೊತ್ತಿಗೆ ಇಳಿಸದೆ ಒಣಗಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಅದನ್ನು ಇಳಿಸಲು ಒಬ್ಬ ಗಂಡಸೂ ಬರಲಿಲ್ಲ. ಮೂರನೇ ದಿನ ಕೆಂಪಮ್ಮ ಸೀರೆ ಎತ್ತಿ ಕಟ್ಟಿಕೊಂಡು ಗಳು ಹತ್ತಿದಳು. ನನ್ನ ಕಡೆ ನೋಡದೆ, "ನಿಂಗೋಸ್ಕರ ಅಲ್ಲ ಕಣಕ್ಕ" ಅಂದಳು. ಸರಿಯೇ. ಲೋಕೇಶ ಒಂದು ತಿಂಗಳು ನನ್ನ ಕೈಯಲ್ಲಿ ಊಟ ಹಾಕಿಸಿಕೊಳ್ಳಲಿಲ್ಲ. ಮಂಜ ಈಗ ಬೇರೆ ತಾಲ್ಲೂಕಿನ ಟೀಮಿಗೆ ಆಡುತ್ತಾನೆ.

ಕೇಸು ಇನ್ನೂ ನಡೆಯುತ್ತಿದೆ. ಹೋದ ತಿಂಗಳು ಕೋರ್ಟಿನಲ್ಲಿ ನನ್ನ ಸಾಕ್ಷಿ ಇತ್ತು. ಸವಿತಾ ಅವ್ವನ ಜೊತೆ ಬಂದಿದ್ದಳು. ಮುರಿದ ಕೈ ಪೂರ್ತಿ ಮಡಚುವುದಿಲ್ಲ. ಅವಳಿಗೆ ಮದುವೆಯಿಂದ ಬಿಡುಗಡೆ ಬೇಕು, ಅವನಿಗೆ ಶಿಕ್ಷೆಯಾಗಬೇಕು. ಅದಕ್ಕೆ ಇರುವುದು ಅವಳ ಮಾತು ಮತ್ತು ನನ್ನ ಮಾತು, ಎರಡೇ. ಮಂಜನ ವಕೀಲರು ಆಸ್ಪತ್ರೆಯ ಕಾಗದ ಹಿಡಿದು ಎದ್ದರು.

"ಏಣಿಯಿಂದ ಬಿದ್ದಳು ಅಂತ ಡಾಕ್ಟರಿಗೆ ಒಪ್ಪಿಕೊಂಡವರು ನೀವೇ ತಾನೇ?"

"ನಾನೇ."

"ಆಗ ನಿಮ್ಮನ್ನು ಯಾರಾದರೂ ಹೆದರಿಸಿದ್ದರಾ?"

"ಇಲ್ಲ ಸಾರ್."

"ಹೊಡೆದಿದ್ದರಾ?"

"ನನಗ್ಯಾಕೆ ಒಡೀತಾರೆ?"

"ಮತ್ತೆ ಯಾಕೆ ಹಾಗೆ ಹೇಳಿದಿರಿ?"

ಹೆದರಿಸಿದ್ದರು ಎಂದು ಹೇಳಿಬಿಡಬಹುದಿತ್ತು. ಸ್ವಾಮಿ ಕೈ ಹಿಸುಕಿದ ಎಂದಿದ್ದರೂ ಆಗುತ್ತಿತ್ತು. ನಮ್ಮ ಕಡೆಯ ವಕೀಲರಮ್ಮ ಅಂಥದ್ದೇನಾದರೂ ಬರುತ್ತದೆ ಎಂದು ನನ್ನ ಬಾಯನ್ನೇ ನೋಡುತ್ತಿದ್ದರು. ಆ ಹುಡುಗಿಯ ವಿಷಯದಲ್ಲಿ ಒಂದು ಸುಳ್ಳು ಸಾಕಾಗಿತ್ತು.

"ಬಾನ್ವಾರ ಫೈನಲ್ ಇತ್ತು. ನಮ್ ಬ್ಯಾರನ್ ತುಂಬಿತ್ತು. ಅದ್ಕೇ ಯೋಳ್ದೆ" ಅಂದೆ.

ಹಿಂದೆ ಯಾರೋ ನಕ್ಕರು. ಮಂಜನೂ ನಕ್ಕ. ವಕೀಲರು ಇನ್ನೇನೂ ಕೇಳುವುದಿಲ್ಲ ಎಂದು ಕೂತುಬಿಟ್ಟರು. ಜಡ್ಜಮ್ಮ ನಗಲಿಲ್ಲ, ಸವಿತಾ ನಗಲಿಲ್ಲ. ನಾನು ಅಂದದ್ದನ್ನು ಟೈಪು ಮಾಡುವವನು ಬೇರೆ ಮಾತಿನಲ್ಲಿ ನಯ ಮಾಡಿ ಹಾಕುತ್ತಿದ್ದ. ನಾನು ಹೇಳಿದ ಹಾಗೇ ಹಾಕಿ ಎಂದು ಕೇಳಿದೆ. ಹಾಕಪ್ಪ ಎಂದು ಜಡ್ಜಮ್ಮ ಹೇಳಿದರು. ಅವನು ಅಳಿಸಿ ಮತ್ತೆ ಹೊಡೆದು ಓದಿ ಹೇಳಿದ. ಫೈನಲ್ ಇತ್ತು, ಬ್ಯಾರನ್ ತುಂಬಿತ್ತು. ಸರಿಯಾಗಿದೆ ಎಂದು ಹೆಸರು ಬರೆದೆ.